ಸಿಗ್ನಲ್ ಅಕ್ಕ ಕಲಿತ ‘ಗಿವ್ ವೇ’

ಬೆಳಕು ಇನ್ನೂ ಸರಿಯಾಗಿ ಹರಿದಿಲ್ಲ. ಹದಿನಾಲ್ಕು ಮಹಡಿಯ ಕಟ್ಟಡಕ್ಕೆ ತೋಡಿದ ಗುಂಡಿಯ ಅಂಚಿನಲ್ಲಿ ಕಿತ್ತಳೆ ಜಾಕೆಟ್ಟಿನ ಹೆಂಗಸೊಬ್ಬರು ಕೈಯೆತ್ತಿ ನಿಂತಿದ್ದಾರೆ. ಅವರು ಮುಷ್ಟಿ ಹಿಡಿದರೆ ಕ್ರೇನ್ ನಿಲ್ಲುತ್ತದೆ, ಬೆರಳು ತಿರುಗಿಸಿದರೆ ಕಬ್ಬಿಣದ ಕಟ್ಟು ಮೇಲೇಳುತ್ತದೆ. ದಿನಕ್ಕೆ ತೊಂಬತ್ತು ಸಲ ಇದೇ ಕೆಲಸ. ಎಲ್ಲರ ಬಾಯಲ್ಲೂ ಅವರು ‘ಸಿಗ್ನಲ್ ಅಕ್ಕ’.

ಹೊರದೇಶದ ಎಂಜಿನಿಯರ್ ವೈರ್‌ಲೆಸ್ಸಿನಲ್ಲಿ ಹೇಳುವ ಇಂಗ್ಲಿಷನ್ನು ಕೆಲಸದವರಿಗೆ ದಾಟಿಸುವುದೂ ಅಕ್ಕನ ಪಾಲಿಗೇ ಬಂದಿದೆ. ಓದಿದ್ದು ಏಳನೇ ತರಗತಿ. ಹೊಸದರಲ್ಲಿ ಅವನು ‘ಕ್ಯಾರಿ ಆನ್’ ಎಂದದ್ದೇ ತಡ, ಹೊತ್ತುಕೊಂಡು ಹೋಗಿ ಎಂದುಕೊಂಡ ಅಕ್ಕ ಆರು ಜನರ ಹೆಗಲಿಗೆ ಕಬ್ಬಿಣ ಏರಿಸಿ ಗೇಟಿನತನಕ ಕಳಿಸಿಬಿಟ್ಟಿದ್ದರು. “ಕೆಲಸ ಮುಂದುವರಿಸಿ ಅಂದಿದ್ನಂತೆ. ಹೊತ್ತವರು ಒಂದು ವಾರ ನನ್ನ ಮುಖ ನೋಡ್ಲಿಲ್ಲ.”

ಅಂದಿನಿಂದ ಮಗಳ ಹಳೆಯ ನೋಟ್‌ಬುಕ್ಕಿನಲ್ಲಿ ಇಂಥ ಮಾತುಗಳನ್ನು ಬರೆದಿಡುತ್ತಾರೆ. ಮಗಳು ಶಾಲೆಯ ನಿಘಂಟು ನೋಡಿ ಅರ್ಥ ತರುತ್ತಾಳೆ. ಈಗ ಮುನ್ನೂರ ಹನ್ನೆರಡಾಗಿವೆ. “ಒಂಟಿ ಪದ ಪಾಪದ್ದು ಕಣ್ರೀ. ಪಕ್ಕದಲ್ಲಿ ಇನ್ನೊಂದು ಬಂದು ಕೂತ್ರೆ ವರಸೇನೇ ಬೇರೆ. ನಮ್ಮಲ್ಲೂ ಹಾಗೇ ಅಲ್ವಾ? ‘ತಲೆ ತಿಂದ’ ಅಂದ್ರೆ ಯಾರೂ ಪೊಲೀಸರನ್ನ ಕರೆಯಲ್ಲ.”

ಕಳೆದ ತಿಂಗಳು ಗುಂಡಿಯೊಳಗೆ ಐವರಿದ್ದರು. ಅವರಲ್ಲೊಬ್ಬ ಅಕ್ಕನ ಮೈದುನ. ಗುಂಡಿಯ ಆಚೆ ಬದಿಯಿಂದ ಎಂಜಿನಿಯರ್ ವೈರ್‌ಲೆಸ್ಸಿನಲ್ಲಿ ‘ಗಿವಿಂಗ್ ವೇ, ಗಿವಿಂಗ್ ವೇ’ ಎಂದ. ದಾರಿ ಬಿಡಿ ಎಂದು ರಸ್ತೆಯ ಫಲಕಗಳಲ್ಲಿ ಬರೆದಿರುವುದೂ ‘ಗಿವ್ ವೇ’ ಎಂದೇ. ಅಕ್ಕನ ಪಕ್ಕದಲ್ಲಿದ್ದ ಮೇಸ್ತ್ರಿ ಕೆಳಗಿನವರಿಗೆ ಕೂಗಿದ: “ಲಾರಿ ಬರ್ತಿದೆಯಂತೆ, ಗೋಡೆಗೆ ಒತ್ತಿ ನಿಂತ್ಕೊಳ್ಳಿ.”

ಅಕ್ಕ ಗುಂಡಿಗೆ ಇಳಿಯುವ ಇಳಿಜಾರಿನತ್ತ ನೋಡಿದರು. ಲಾರಿಯ ಸುಳಿವೇ ಇಲ್ಲ. ನೋಟ್‌ಬುಕ್ಕಿನಲ್ಲಿ ಅದೇ ಮಾತಿಗೆ ಇನ್ನೊಂದು ಅರ್ಥವಿತ್ತು: ಕುಸಿಯುವುದು. “ಲಾರಿ ಅಲ್ಲ, ಮಣ್ಣು ಕೈಕೊಡ್ತಿದೆ. ಎಲ್ಲಾ ಅಲ್ಲೇ ಬಿಟ್ಟು ಮೇಲೆ ಬನ್ನಿ.” ಐದನೆಯವನು ಏಣಿಯಿಂದ ಕಾಲು ತೆಗೆದು ಮೇಲೆ ಇಡುವುದಕ್ಕೂ ಮಣ್ಣಿನ ಗೋಡೆ ಏಣಿಸಮೇತ ಬೀಳುವುದಕ್ಕೂ ಸರಿಹೋಯಿತು.

ಮೇಸ್ತ್ರಿ ಮೇಲೆ ಬಂದವರನ್ನು ಒಬ್ಬೊಬ್ಬರಾಗಿ ಎಣಿಸಿದ. ಆಮೇಲೆ, “ನಾನು ಅವರನ್ನ ಆ ಗೋಡೆಗೇ ನಿಲ್ಲಿಸಿದ್ದೆನಲ್ಲಕ್ಕ” ಎಂದ. ಅಕ್ಕ ಅವನಿಗೆ ನೀರು ಕೊಟ್ಟರು, ಬೈಯಲಿಲ್ಲ. “ಮೇಸ್ತ್ರಿ ಹೇಳಿದ್ದೂ ಸರಿಯಾದ ಅರ್ಥಾನೇ. ಜಾಗ ತಪ್ಪಿತ್ತು ಅಷ್ಟೆ.” ಮರುದಿನದಿಂದ ಅವನು ಹತ್ತು ನಿಮಿಷ ಮೊದಲೇ ಬಂದು ಅಕ್ಕನ ಪಕ್ಕ ಕೂತು ಕಲಿಯುತ್ತಿದ್ದಾನೆ.

ನಿಮಗೇನು ಬೇಕು ಎಂದು ಕೇಳಿದರೆ ಅಕ್ಕ ಕೈಗವಸು ಬಿಗಿದುಕೊಳ್ಳುತ್ತಾ ಯೋಚಿಸುತ್ತಾರೆ. “ಹೊಸಬರಿಗೆ ಹೆಲ್ಮೆಟ್ ಕೊಡೋವಾಗ ಇಂಥ ಹತ್ತು ಮಾತನ್ನೂ ಹೇಳಿಕೊಟ್ರೆ ಸಾಕು. ನಾನು ರಜೆ ಹಾಕಿದ ದಿನಾನೂ ಎಲ್ರೂ ಮನೆಗೆ ಹೋಗ್ಬೇಕಲ್ವಾ?”