ಬಸ್ ಸ್ಟ್ಯಾಂಡಿನ ಕೊಂಕಣಿ

ಮೊನ್ನೆ ಅಂಕೋಲೆಯಿಂದ ಕಾರವಾರಕ್ಕೆ ಹೋಗುವ ಬಸ್ಸಿನಲ್ಲಿ ಮುಂದಿನ ಸೀಟಿನ ಕಾಲೇಜು ಹುಡುಗಿಯರಿಬ್ಬರು ದಾರಿಯುದ್ದಕ್ಕೂ ಹಿಂದಿಯಲ್ಲೇ ಹರಟಿದರು. ಮನೆಯಿಂದ ಫೋನು ಬಂದಾಗ ಒಬ್ಬಳದು ಕೊಂಕಣಿ, ಇನ್ನೊಬ್ಬಳದು ನಮ್ಮ ಶೆಟಗೇರಿ ಕಡೆಯ ಕನ್ನಡ. ಫೋನಿಟ್ಟೊಡನೆ ಮತ್ತೆ ‘ಸುನ್ ನಾ ಯಾರ್’. ತಪ್ಪೆನ್ನಲು ನಾನು ಯಾರು ಹೇಳಿ. ಆದರೆ ಮಾಲಿನಿ ನೆನಪಾಗಿ, ಇಳಿಯುವ ತನಕ ಕಿಟಕಿಯ ಕಡೆಗೇ ಮುಖ ಮಾಡಿ ಕೂತೆ.

ಕದ್ವಾಡದ ಮಾಲಿನಿ ಕಾಲೇಜಿನಲ್ಲಿ ನನ್ನ ಜೊತೆಗಾತಿ. ಅವಳ ಬಸ್ಸು ಒಂದು ದಿಕ್ಕಿಗೆ, ನನ್ನದು ಇನ್ನೊಂದು, ಎರಡೂ ತಡ. ಹಾಗೆ ಕಾರವಾರದ ಬಸ್ ಸ್ಟ್ಯಾಂಡಿನಲ್ಲಿ ಕಾಯುತ್ತ ನಾನು ಅವಳಿಂದ ಕೊಂಕಣಿ ಕಲಿತೆ. ಕಲಿತೆ ಎನ್ನುವುದೂ ಜಂಬವೇ. ‘ನಾನು ಹೋದೆ’ ಎನ್ನಲು ಗಂಡಸಿನ ರೂಪ ಬಳಸುತ್ತಿದ್ದೆ, ಅವಳು ಹೊಟ್ಟೆ ಹಿಡಿದು ನಗುತ್ತಿದ್ದಳು. ಕನ್ನಡದಲ್ಲಿ ಮಾಲಿನಿ ಗಂಭೀರೆ, ಇಸ್ತ್ರಿ ಹಾಕಿದ ಮಾತು. ಅವಳ ತುಂಟತನವೆಲ್ಲ ಕೊಂಕಣಿಯಲ್ಲಿತ್ತು.

ಅವಳು ಕನ್ನಡ ಮನೆಮಾತಿನವರನ್ನು ಮದುವೆಯಾಗಿ ಕಾರವಾರದಲ್ಲೇ ನೆಲೆಸಿದಳು. ಮಗಳು ಶ್ರುತಿ ಶಾಲೆಯಲ್ಲಿ ತಡವರಿಸಬಾರದೆಂದು ಮನೆಯಲ್ಲಿ ಬರೀ ಕನ್ನಡ.

ಹೋದ ವರ್ಷ ಮಾಲಿನಿಗೆ ಪಾರ್ಶ್ವವಾಯು ಬಡಿಯಿತು. ಕೆಲವು ವಾರಗಳ ಮೇಲೆ ಮಾತು ಮರಳಿತು, ಆದರೆ ಕೊಂಕಣಿ ಮಾತ್ರ. ಕನ್ನಡ ಕೇಳಿದರೆ ಹುಬ್ಬು ಗಂಟಿಕ್ಕಿ ನೋಡುವಳು. ಹೀಗೂ ಆಗುವುದುಂಟು ಎಂದರು ಡಾಕ್ಟರು. ಗಂಡನ ಕೊಂಕಣಿ ಮೀನುಪೇಟೆ ದಾಟುವಂಥದಲ್ಲ. ಧಾರವಾಡದ ಯೂನಿವರ್ಸಿಟಿಯಿಂದ ಓಡಿಬಂದ ಶ್ರುತಿಗೆ ಕನ್ನಡವಿತ್ತು, ಹಾಸ್ಟೆಲಿನ ಹಿಂದಿಯಿತ್ತು, ತಾಯಿಯ ಮಾತಿರಲಿಲ್ಲ. ದುಭಾಷಿಯಾಗಿ ನನ್ನನ್ನು ಕರೆಸಿದರು. ನನ್ನಂಥ ದುಭಾಷಿ!

ಕೈ ಎತ್ತಿಸಲು ಬಂದ ನರ್ಸನ್ನು ನೋಡಿ ಮಾಲಿನಿ ಏನೋ ಅಂದಳು. ನಾನು ಕಣ್ಣಲ್ಲಿ ನೀರು ಬರುವಂತೆ ನಕ್ಕೆ.

“ಅಮ್ಮ ಎಂತ ಹೇಳ್ತು ಆಂಟಿ?” ಎಂದಳು ಶ್ರುತಿ.

ಜನ್ಮವಿಡೀ ಕೈ ಎತ್ತಿದರೂ ಒಂದು ಬಸ್ಸೂ ನಿಲ್ಲಲಿಲ್ಲ, ಈಗೆಂತಕೆ ಎತ್ತಿಸ್ತೆ ಅಂತಾಳೆ ಎಂದೆ. ಕನ್ನಡದಲ್ಲಿ ಅದು ಸಪ್ಪೆಯಾಯಿತು. ಶ್ರುತಿ ನಗಲಿಲ್ಲ.

“ಅಮ್ಮ ತಮಾಷೆ ಮಾಡ್ತು ಅಂತ್ಲೇ ನಂಗೊತ್ತಿಲ್ಲ ಆಂಟಿ. ನನ್ನ ಹತ್ರ ಬರೀ ಓದು, ಜಾಗ್ರತೆ, ಅಷ್ಟೇ.”

ಊಟ ಆಯಿತೇ ಎಂದು ಕೇಳುವುದನ್ನು ನನ್ನಿಂದ ಕಲಿತು, ಮರುದಿನ ತಾಯಿಯ ಬಳಿ ಕೂತು ಕೇಳಿದಳು: “ಆಯಿ, ಜೆವ್ಲಿ ಗೊ?”

ಮಾಲಿನಿ ಅವಳನ್ನೇ ನೋಡಿದಳು. ಆಮೇಲೆ ಸರಿಯಿದ್ದ ಕೈಯಿಂದ ಮಗಳ ಕೆನ್ನೆ ಹಿಡಿದು, ಒಂದೇ ಉಸಿರಿನಲ್ಲಿ, ಬಹಳ ಹೊತ್ತು ಏನೇನೋ ಹೇಳಿದಳು. ಶ್ರುತಿ ನನ್ನತ್ತ ತಿರುಗಿದಳು. ಅದು ಬಸ್ ಸ್ಟ್ಯಾಂಡಿನ ಕೊಂಕಣಿಯಾಗಿರಲಿಲ್ಲ. ಅವಳ ಕದ್ವಾಡದ ಮನೆಯೊಳಗಿನದು. ನನಗೆ ಒಂದೂ ಹಿಡಿಯಲಿಲ್ಲ. ನಾಳೆ ನಿಧಾನವಾಗಿ ಕೇಳೋಣ ಎಂದೆ. ಬೆಳಗಾಗುವುದರೊಳಗೆ ಎರಡನೆಯ ಸಲ ಬಡಿದು, ಮಾಲಿನಿ ಹೋದಳು.

ನಿನ್ನೆ ಶ್ರುತಿ ಹಾಸ್ಟೆಲಿನಿಂದ ಫೋನು ಮಾಡಿದ್ದಳು. ಅಮ್ಮ ಅಂದದ್ದು ಕಿವಿಯಲ್ಲಿ ಉಳಿದಿದೆ, ಮರೆಯುವ ಮೊದಲು ಕೇಳಿ ಎಂದು ಆ ದನಿಗಳನ್ನು ಹಾಗೆಹಾಗೆಯೇ ಅಂದು ತೋರಿಸಿದಳು. ಎರಡು ಸಲ ಹೇಳಿಸಿದೆ. ಮುರಿದುಹೋದ ಸದ್ದುಗಳು.

“ಒಂದೇ ತಿಳೀತು ಮಗಾ,” ಎಂದೆ. “ನಡುವೆ ‘ಬಾಯ್’ ಅಂದದ್ದು. ಮಗಳೇ ಅಂತ.”



“ಅದೊಂದು ನಂಗೂ ತಿಳಿದಿತ್ತು ಆಂಟಿ,” ಅಂದಳು.