ಬೂಂದಿಯ ಕತೆ ನಿಂತಲ್ಲಿ

ರುಕ್ಸಾರಳ ಹೆಸರು ಬಾಳಾಬಾಯಿಯ ಕಿವಿಗೆ ಮೊದಲು ಬಿದ್ದದ್ದು ಮುಚ್ಚಂಡಿಯ ಹಿಟ್ಟಿನ ಗಿರಣಿಯಲ್ಲಿ. ಕರೆಂಟು ಹೋಗಿತ್ತು. ಜೋಳದ ಡಬ್ಬಿಗಳನ್ನು ಸಾಲಾಗಿ ಇಟ್ಟು ಹೆಂಗಸರೆಲ್ಲ ಕಟ್ಟೆಯ ಮೇಲೆ ಕುಳಿತಿದ್ದರು. ಸೊರಡಿಯಿಂದ ಬಂದು ಊರಲ್ಲಿ ನೆಲೆ ನಿಂತ ಬಳೆಗಾರ್ತಿ ಶಮಶಾದಳ ಮಗಳು ದಿನಾ ಬಸ್ಸು ಹತ್ತಿ ಜತ್ತಕ್ಕೆ ಹೋಗುತ್ತಾಳಂತೆ, ಅಲ್ಲಿ ಮಾಲೀಸು ಕಲಿಸುತ್ತಾರಂತೆ, ಪಾಸಾದರೆ ಸರ್ಟಿಫಿಕೇಟು ಕೊಡುತ್ತಾರಂತೆ ಎಂದು ಮಾತು ಬಂತು.

“ಮೈ ತಿಕ್ಕಾಕೂ ಸಾಲಿ ಬಂತೇನ?” ಎಂದಳು ಯಮನವ್ವ. “ನಾಳಿ ತಲಿ ಬಾಚ್ಕೊಳ್ಳಾಕೂ ಪರೀಕ್ಷಾ ಕಟ್ಟಬೇಕಾಗ್ತೈತಿ ನೋಡ್ರಿ.”

ಎಲ್ಲರೂ ನಕ್ಕರು. ಬಾಳಾಬಾಯಿಯೂ ನಕ್ಕಳು.

ಆ ವಾರ ಕಳೆಯುವುದರೊಳಗೆ ಅದೇ ಹುಡುಗಿ ಅವಳ ಬಾಗಿಲಿಗೆ ಬಂದು ನಿಂತಳು. ಮುಚ್ಚುಮರೆಯಿಲ್ಲದೆ ಹೇಳಿಕೊಂಡಳು. ತೀರಿಹೋದ ಅಪ್ಪ ಗುಲಾಬ, ತಾಲೀಮಿನ ಪೈಲವಾನರಿಗೆ ಮಾಲೀಸು ಮಾಡಿಯೇ ಆಯುಷ್ಯ ಕಳೆದವನು. ಸಣ್ಣವಳಿದ್ದಾಗಿನಿಂದ ಅವನನ್ನು ನೋಡಿ ಕಲಿತದ್ದಕ್ಕೆ ಅವಳ ಕೈ ಪೈಲವಾನರ ಮೈಗೆ ಹೊಂದಿದ ಕೈ. ಪರೀಕ್ಷೆಯಲ್ಲಿ ಒಬ್ಬ ಮುದುಕಿ ಅವಳ ಕೈಯೊಳಗೆ ನರಳಿದ್ದಕ್ಕೆ ಒಮ್ಮೆ ಫೇಲಾಗಿದ್ದಳು. ಇನ್ನೊಂದೇ ಸಲ ಕೂರಿಸುತ್ತಾರೆ. ಸಾಂಗ್ಲಿಯ ಆಯುರ್ವೇದ ದವಾಖಾನೆಯೊಂದರಲ್ಲಿ ಹೆಂಗಸರಿಗೆ ಮಾಲೀಸು ಮಾಡುವ ಕೆಲಸವಿದೆ, ಸರ್ಟಿಫಿಕೇಟು ತಂದರೆ ಕೊಡುತ್ತೇವೆ ಎಂದಿದ್ದಾರೆ. ಈ ಸಲವೂ ತಪ್ಪಿದರೆ ಅವ್ವನ ಬಳೆಯ ಬುಟ್ಟಿ ಹೊರುವುದೇ. ರೂಢಿ ಮಾಡಿಕೊಳ್ಳಲು, ಪರೀಕ್ಷೆಗೆ ಕರೆದುಕೊಂಡು ಹೋಗಲು ವಯಸ್ಸಾದವರೊಬ್ಬರು ಬೇಕು. ಅಪರಿಚಿತರ ಎದುರು ಬೆನ್ನು ತೋರಿಸಲು ಅವ್ವ ಒಪ್ಪಲಿಲ್ಲ. ಓಣಿಯಲ್ಲಿ ಯಾರೂ ಒಪ್ಪಲಿಲ್ಲ.

“ನನ್ನ ಮೈಯಾಗ ತಿಕ್ಕಾಕ ಏನೈತಿ ಯವ್ವಾ? ಬರೇ ಎಲುಬು,” ಎಂದಳು ಬಾಳಾಬಾಯಿ. ಹಾಗೆ ಹೇಳುತ್ತಲೇ ಚಾಪೆ ಹಾಸಿದಳು.

ಗಂಡ ಧೂಳಪ್ಪ ತೀರಿಹೋದಮೇಲೆ ಅವಳ ಬೆನ್ನಿಗೆ ಇನ್ನೊಬ್ಬರ ಕೈ ತಾಗಿರಲಿಲ್ಲ. ಬೆಚ್ಚಗಿನ ಕುಸುಬೆ ಎಣ್ಣೆ ಸೊಂಟಕ್ಕೆ ಇಳಿದಾಗ, ಬೇರೆಯವರ ಹೊಲದಲ್ಲಿ ಕಳೆ ತೆಗೆದು ತೆಗೆದು ಬಾಗಿದ ಆ ಬೆನ್ನು ತನ್ನದೇ ಎಂಬುದು ಅವಳಿಗೆ ನೆನಪಾಯಿತು.

ಮೈ ಮುಟ್ಟಿದಮೇಲೆ ನೋವಾಗುತ್ತದೆಯೇ ಎಂದು ಕೇಳುತ್ತಿರಬೇಕೆಂದು ತರಗತಿಯಲ್ಲಿ ಕಲಿಸಿದ್ದರು. ರುಕ್ಸಾರ ಕೇಳುತ್ತಿದ್ದಳು. ಬಾಳಾಬಾಯಿ ಪ್ರತಿ ಸಲವೂ ಇಲ್ಲ, ಒತ್ತು ಎನ್ನುತ್ತಿದ್ದಳು. ಅವಳು ಹೆತ್ತಾಗ ಪಡಸಾಲೆಯಲ್ಲಿ ಕುಳಿತವರಿಗೆ ಕೂಸು ಅತ್ತದ್ದು ಮಾತ್ರ ಕೇಳಿತ್ತು, ತಾಯಿ ಅತ್ತದ್ದಲ್ಲ. ಎತ್ತು ಹಾಯ್ದು ಬಿದ್ದ ದಿನವೂ ಎದ್ದು ರೊಟ್ಟಿ ಬಡಿದಿದ್ದಳು. ನೋವು ಎಂದರೆ ಮನೆಯವರಿಗೆ ಇನ್ನೊಂದು ಕೆಲಸ ಹಚ್ಚಿದ ಹಾಗೆ ಎಂದೇ ಅವಳು ತಿಳಿದಿದ್ದಳು.

ಕೆಲವು ದಿನದ ಮೇಲೆ ಬೆನ್ನಿನ ಎಡ ರೆಕ್ಕೆಯೆಲುಬಿನ ಕೆಳಗೆ ನೀಲಿಗಟ್ಟಿದ್ದನ್ನು ಕಂಡು ಹುಡುಗಿ ಎಣ್ಣೆಯ ಬಟ್ಟಲನ್ನು ಬದಿಗಿಟ್ಟಳು.

“ಆಯಿ, ನೀವು ನೋವಿಲ್ಲ ಅಂದ್ರ ನಾ ಹೆಂಗ ಕಲೀಬೇಕ್ರಿ? ಪರೀಕ್ಷಾದಾಗ ಹಿಂಗಾದ್ರ ಸೀದಾ ಮನಿಗೆ ಕಳಸ್ತಾರ.”

ನಾಳೆಯಿಂದ ಹೇಳುತ್ತೇನೆ ಎಂದು ಬಾಳಾಬಾಯಿ ಮಾತು ಕೊಟ್ಟಳು. ಮರುದಿನ ಬಾಯಿ ಮತ್ತೆ ಇಲ್ಲ ಎಂದೇ ಅಂದಿತು.

ಆದರೆ ಅವಳು ಸುಮ್ಮನೆ ಮಲಗುವ ಹೆಂಗಸಲ್ಲ. ಮಾಲೀಸು ಮುಗಿಯುವ ತನಕ ಏನಾದರೊಂದು ಹೇಳುತ್ತಿರಬೇಕು. ಆಗ ನಡೆಯುತ್ತಿದ್ದದ್ದು ಸನಮಡಿ ಎಂಬ ಊರಿನ ಮದುವೆಯ ಕತೆ: ಬೂಂದಿ ಸಾಲದೆ, ವರನ ಸೋದರಮಾವ ರಾಮಲಿಂಗ ಸಿಟ್ಟಿಗೆದ್ದು ಬೇವಿನ ಮರ ಹತ್ತಿ ಕುಳಿತದ್ದು. ರುಕ್ಸಾರಳ ಹೆಬ್ಬೆರಳು ಎಡ ರೆಕ್ಕೆಯ ಹತ್ತಿರ ಬಂದಾಗಲೆಲ್ಲ ಕತೆ ನಿಂತು, ರಾಮಲಿಂಗ ಮರದಲ್ಲೇ ಉಳಿಯುತ್ತಿದ್ದ. ಕೈ ಹಗುರಾದರೆ ಒಂದು ಕೊಂಬೆ ಇಳಿಯುತ್ತಿದ್ದ.

“ನಿಮ್ಮ ಬಾಯಿ ಸುಳ್ಳ ಹೇಳ್ತೈತಿ ಆಯಿ, ಕತಿ ಸುಳ್ಳ ಹೇಳಂಗಿಲ್ಲ,” ಎಂದು ರುಕ್ಸಾರ ನಕ್ಕಳು. ಅಂದಿನಿಂದ ಅವಳು ಕತೆಗೆ ಕಿವಿಗೊಟ್ಟೇ ಒತ್ತತೊಡಗಿದಳು. ಪೈಲವಾನರ ಮೈಗೆ ಹೊಂದಿದ್ದ ಆ ಕೈ ದಿನದಿಂದ ದಿನಕ್ಕೆ ಮೆತ್ತಗಾಯಿತು.

ಪರೀಕ್ಷೆಯ ದಿನ ಜತ್ತದಲ್ಲಿ, ಪರೀಕ್ಷೆ ನಡೆಸಲು ಸಾಂಗ್ಲಿಯಿಂದ ಬಂದ ಡಾಕ್ಟರಬಾಯಿ, ಮಲಗಿದವರು ಮಾತಾಡಬಾರದು ಎಂದು ಮರಾಠಿಯಲ್ಲಿ ಹೇಳಿಬಿಟ್ಟರು. ಬಾಳಾಬಾಯಿ ತುಟಿ ಬಿಗಿದು ಬೋರಲು ಮಲಗಿದಳು. ಹುಡುಗಿಯ ಕೈ ಬೆನ್ನಿನ ನಡುವೆ ಬಂದು ನಿಂತುಬಿಟ್ಟಿತು. ಕತೆಯಿಲ್ಲದೆ ಎಲ್ಲಿ ಎಷ್ಟು ಒತ್ತಬೇಕೆಂದು ಅದಕ್ಕೆ ತಿಳಿಯಲಿಲ್ಲ.

ರುಕ್ಸಾರ ತಡೆದು ತಡೆದು ಕೇಳಿದಳು: ಆಯಿ ಕತೆ ಹೇಳಬಹುದೇ, ಅದರಿಂದಲೇ ತನಗೆ ಅವರ ನೋವು ತಿಳಿಯುತ್ತದೆ. ಹೇಳಲಿ ಎಂದರು ಡಾಕ್ಟರಬಾಯಿ.

ತನಗೆ ಬರುವ ಹರಕುಮುರುಕು ಮರಾಠಿಯಲ್ಲಿ ಬಾಳಾಬಾಯಿ ಸನಮಡಿಗೆ ಹೊರಟಳು. ಬೂಂದಿ ತೀರಿತು. ರಾಮಲಿಂಗ ಮರ ಹತ್ತಿದ. ರೆಕ್ಕೆಯ ಹತ್ತಿರ ಕತೆ ನಿಂತಿತು, ಕೈಯೂ ಎದ್ದಿತು.

ಡಾಕ್ಟರಬಾಯಿ ಬಾಗಿ, ಇಲ್ಲಿ ನೋವಾಯಿತೇ ಎಂದು ನೇರ ಅವಳನ್ನೇ ಕೇಳಿದರು. ಇಲ್ಲ ಎಂಬುದು ನಾಲಿಗೆಯ ತುದಿಗೆ ಬಂದುಬಿಟ್ಟಿತ್ತು. ಅದು ಹೊರಬಿದ್ದರೆ ಹುಡುಗಿಯ ಮಾತು ಸುಳ್ಳಾಗುತ್ತದೆ. ಬಾಳಾಬಾಯಿ ಆ ಇಲ್ಲವನ್ನು ನುಂಗಿಕೊಂಡಳು. ಮರಾಠಿ ಮರೆತೇಹೋಯಿತು.

“ಹೂಂ ರೀ. ನೋವಾತು.”

ಒಮ್ಮೆ ಬಾಯಿ ತೆರೆದಮೇಲೆ ಅದು ಮುಚ್ಚಲೊಲ್ಲದು. ಮೊಣಕಾಲು ನೋಯುತ್ತದೆ, ಸೊಂಟ ನೋಯುತ್ತದೆ, ಎತ್ತು ಹಾಯ್ದ ಪಕ್ಕೆ ಇವತ್ತಿಗೂ ನೋಯುತ್ತದೆ ಎಂದೆಲ್ಲ ಹೇಳಿದಳು. ಡಾಕ್ಟರಬಾಯಿ ತಡೆಯದೆ ಕೇಳಿದರು. ಕೊನೆಗೆ, ಆ ಮಾವನವರು ಮರದಿಂದ ಇಳಿದರೋ ಇಲ್ಲವೋ ಎಂದು ವಿಚಾರಿಸಿದರು. ಮುಂದಿನ ಪಂಕ್ತಿಯಲ್ಲಿ ಹೋಳಿಗೆ ಬಡಿಸುತ್ತಾರೆಂದು ಕೇಳಿ ತಾನೇ ಇಳಿದ ಎಂದಳು ಬಾಳಾಬಾಯಿ.

ಸರ್ಟಿಫಿಕೇಟು ಬಂತು. ಸಾಂಗ್ಲಿಗೆ ಹೊರಟ ದಿನ ರುಕ್ಸಾರ ಬಸ್‌ಸ್ಟ್ಯಾಂಡಿನಲ್ಲಿ ಬಾಳಾಬಾಯಿಯ ಮಡಿಲಿಗೆ ಎಣ್ಣೆಯ ಬಾಟಲಿ ಇಟ್ಟಳು. ಶಮಶಾದ ಬ್ಯಾಗು ಹಿಡಿದು ರಸ್ತೆಯ ಅಂಚಿನಲ್ಲಿ ಬಸ್ಸು ಕಾಯುತ್ತಿದ್ದಳು. ಅವಳಿಗೆ ಕಾಣದ ಹಾಗೆ ಹುಡುಗಿ ಬಲಗೈ ಚಾಚಿದಳು.

“ಆಯಿ, ಪರೀಕ್ಷಾ ಆದಾಗಿಂದ ಈ ಹೆಬ್ಬಟ್ಟು ಸೆಳೀತೈತ್ರಿ. ಅವ್ವಗ ಹೇಳಿಲ್ಲ. ಬಸ್ಸು ಬರೂತನಕ ಜರಾ ಒತ್ತಿ ಕೊಡ್ರಿ. ಮೆಲ್ಲಗ.”