ಕೈಗೊಂದು ಬೂಟು

ಶಿವಕಾಂತಾಳಿಗೆ ಜರ್ಮನ್ ಒಲಿಯಲೇ ಇಲ್ಲ ಅಂದರೆ ಸುಳ್ಳಾಗುತ್ತದೆ. ಒಲಿದಿತ್ತು, ಒಂದು ಶಬ್ದ ಕೈಕೊಟ್ಟಿತು.

ಯಾದಗಿರಿ ಕಡೆಯಿಂದ ಪುಣೆಗೆ ಕಟ್ಟಡದ ಕೆಲಸಕ್ಕೆ ಬಂದ ಚಂದಮ್ಮನ ಮಗಳು ಆಕೆ. ಮಗರಪಟ್ಟಾದಲ್ಲಿ ಒಂದೊಂದೇ ಕಟ್ಟಡ ಏಳುವಾಗ ತಾಯಿ ಸಿಮೆಂಟು ಹೊತ್ತಳು, ಮಗಳು ಹಟ ಹಿಡಿದು ಓದಿ ನರ್ಸ್ ಆದಳು. ಆದರೆ ಸಣ್ಣ ಆಸ್ಪತ್ರೆಯ ಪಗಾರ ಅಪ್ಪನ ಔಷಧಕ್ಕೇ ಮುಗಿಯುತ್ತದೆ. ಹಾಗಾಗಿ ಅರವತ್ತರ ಹತ್ತಿರ ಬಂದರೂ ಚಂದಮ್ಮನಿಗೆ ಸಿಮೆಂಟು ತಪ್ಪಿಲ್ಲ. ಬಿರಿದ ಅಂಗೈಗೆ ಪ್ಲಾಸ್ಟಿಕ್ ಚೀಲ ಕಟ್ಟಿಕೊಂಡು ಹೋಗುತ್ತಾಳೆ. ಅದಕ್ಕವಳು ಕೈಚೀಲ ಅನ್ನುತ್ತಾಳೆ. ಮಗಳು ತಂದುಕೊಟ್ಟ ಆಸ್ಪತ್ರೆಯ ಗ್ಲೌಸು ಇಟ್ಟಿಗೆಯ ಮುಂದೆ ಅರ್ಧ ತಾಸೂ ಬಾಳಲಿಲ್ಲ.

ಜರ್ಮನಿಗೆ ನರ್ಸಾಗಿ ಹೋದರೆ ಅವ್ವನನ್ನು ಆ ಕೆಲಸದಿಂದ ಬಿಡಿಸಬಹುದಿತ್ತು. ಅದಕ್ಕೇ ಸ್ವಾರಗೇಟ ಹತ್ತಿರದ ಜರ್ಮನ್ ಕ್ಲಾಸಿಗೆ ಮೂರು ವರ್ಷ ಓಡಾಡಿದಳು. ಹಾಂಟ್ ಅಂದರೆ ಕೈ, ಶೂ ಅಂದರೆ ಶೂ, ಎರಡೂ ಕೂಡಿದ ಹಾಂಟ್‌ಶೂ ಅಂದರೆ ಗ್ಲೌಸು ಎಂದು ಅವಧೂತ ಸರ್ ಬಿಡಿಸಿ ಹೇಳಿದಾಗ ಕ್ಲಾಸೆಲ್ಲ ನಕ್ಕಿತು. ಕಾಲುಚೀಲ ಅನ್ನುವ ಜನ ನಾವು, ನಗಲು ನಮಗ್ಯಾವ ಮುಖ ಎಂದುಕೊಂಡು ಶಿವಕಾಂತಾ ಸುಮ್ಮನೆ ಬರೆದುಕೊಂಡಳು.

ಜರ್ಮನ್ ಪರೀಕ್ಷೆಗೆ ಕೂತದ್ದು ಇದು ಮೂರನೆಯ ಸಲ, ಕೊನೆಯದು. ಮೂವತ್ತೈದು ತುಂಬಿದವರನ್ನು ಕಳಿಸುವುದಿಲ್ಲ ಎಂದು ನರ್ಸುಗಳನ್ನು ಕಳಿಸುವ ಏಜೆಂಟ್ ಮೊದಲೇ ಹೇಳಿದ್ದ, ಅವಳಿಗೆ ಮೂವತ್ತೈದು ತುಂಬಲು ಒಂದೇ ತಿಂಗಳಿತ್ತು. ರೋಗಿಯ ಗಾಯ ಮುಟ್ಟುವ ಮೊದಲು ಏನು ಮಾಡುತ್ತೀರಿ ಎಂದು ಮೌಖಿಕ ಪರೀಕ್ಷೆಯಲ್ಲಿ ಕೇಳಿದರು. ಗಡಿಬಿಡಿಯಲ್ಲಿ ತಲೆಗೆ ಬಂದದ್ದು ಅವ್ವನ ಕೈಚೀಲ. ಅದನ್ನೇ ಜರ್ಮನ್ ಮಾಡಿ, ಹಾಂಟ್‌ಟಾಶೆ ಹಾಕಿಕೊಳ್ಳುತ್ತೇನೆ ಎಂದಳು. ಟಾಶೆ ಚೀಲವೇ, ಆದರೆ ಹಾಂಟ್‌ಟಾಶೆ ಅಂದರೆ ಹೆಂಗಸರು ಹೆಗಲಿಗೆ ಹಾಕುವ ಪರ್ಸು. ಪರೀಕ್ಷಕಿ ನಗು ತಡೆದುಕೊಂಡದ್ದು ಇವಳ ಕಣ್ಣಿಗೆ ಬಿತ್ತು. ಆಮೇಲೆ ಗೊತ್ತಿದ್ದ ಮಾತುಗಳೂ ತಪ್ಪಿದವು.

ಫೇಲಾದ ಸುದ್ದಿ ಬಂದ ಸಂಜೆ, ಯಾವ ಮಾತಿನಲ್ಲಿ ತಪ್ಪಿದಿ ಎಂದು ಚಂದಮ್ಮ ಕೇಳಿದಳು. ಮಗಳು ಎಲ್ಲ ಹೇಳಿದಳು.

“ಕಾಲಿಗೇ ಬೂಟಿಲ್ಲದ ಮಂದಿ ನಾವು. ಕೈಗೆ ಬೂಟು ಅಂತ ಹ್ಯಾಂಗ ನೆನಪಾಗ್ತದವ್ವ?”

ಸಮಾಧಾನಕ್ಕೆ ಅವ್ವ ಆಡಿದ ಮಾತು. ಶಿವಕಾಂತಾ ಅದನ್ನು ಕೇಳಿ ಬಿಕ್ಕಿಬಿಕ್ಕಿ ಅತ್ತಳು.

ಮರುದಿನ ಮುಂಜಾನೆ ಚಂದಮ್ಮ ಎಂದಿನಂತೆ ಎರಡು ಪ್ಲಾಸ್ಟಿಕ್ ಚೀಲ ತಂದು ಮಗಳ ಮುಂದೆ ಕೈ ಚಾಚಿ ಕೂತಳು.

“ಬಿಗಿ ಕಟ್ಟವ್ವ. ನಿನ್ನಿ ಒಳಗ ಸಿಮೆಂಟ್ ಹೋಗಿತ್ತು.”

ಶಿವಕಾಂತಾ ಬಿಗಿಯಾಗಿ ಕಟ್ಟಿದಳು.